ನಾಲ್ಕನೇ ಕಾಲಿನ ಮಂಜೂರಾತಿ

ಸಮಕಾಲೀನ ಕಲಾ ಪೋಷಕ ಮಂಡಳಿಯ ಗೌರವ ಖಜಾಂಚಿಯಾಗಿ ನಾನು ಅವಿರೋಧವಾಗಿ ಆಯ್ಕೆಯಾದೆ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎಂಬುದನ್ನು ನಡಾವಳಿಯಲ್ಲಿ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ನೀರು ಸರಬರಾಜು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದ ನನಗೆ ಕಲೆಯ ಗಂಧಗಾಳಿ ಇಲ್ಲ. ಅದೇ ನನ್ನ ದೊಡ್ಡ ಅರ್ಹತೆಯೆಂದು ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ ಹೇಳಿದರು.

"ಸಂಬಳ ಇಲ್ಲದ ಕೆಲಸಕ್ಕೆ ಇಸ್ತ್ರಿ ಶರ್ಟು ಬೇರೆ ಕೇಡು" ಎಂದಳು ಹೆಂಡತಿ. ಇಸ್ತ್ರಿ ಮಾಡಿಕೊಟ್ಟವಳೂ ಅವಳೇ.

ಮೊದಲ ವಾರವೇ ಒಬ್ಬ ಶಿಲ್ಪಿ ಬಂದಳು. ಮಂಡಳಿ ಹೇಳಿ ಮಾಡಿಸಿದ ಅವಳ ಕಬ್ಬಿಣದ ಕುರ್ಚಿ ಎಂಟು ತಿಂಗಳಿಂದ ನಮ್ಮ ಸಭಾಂಗಣದಲ್ಲಿತ್ತು. ಅದಕ್ಕೆ ಮೂರೇ ಕಾಲು. ಗೋಡೆಗೆ ಒರಗಿ ನಿಂತಿತ್ತು. ದುಡ್ಡು ಮಾತ್ರ ಇನ್ನೂ ಕೊಟ್ಟಿರಲಿಲ್ಲ.

"ಸರ್, ಶನಿವಾರ ಸಂಜೆಯೊಳಗೆ ಬಾಡಿಗೆ ಕಟ್ಟದಿದ್ರೆ ನನ್ನ ಶೆಡ್ಡಿಗೆ ಬೀಗ ಬೀಳುತ್ತೆ. ಆಮೇಲೆ ಎಲ್ಲಿ ಕೂತು ಕೆಲಸ ಮಾಡಲಿ?"

ಪುಸ್ತಕ ತೆಗೆದು ನೋಡಿದೆ. ಕಲೆಯ ಬಾಬ್ತಿನಲ್ಲಿ ಒಂದು ಬಿಡಿಗಾಸೂ ಇರಲಿಲ್ಲ. ಕಲೆಯ ಭವಿಷ್ಯದ ಬಗ್ಗೆ ಏಳು ಚಿಂತನಾ ಸಭೆ, ಸಭೆಗಳ ಊಟ, ಊಟದ ಗುಣಮಟ್ಟ ಪರಿಶೀಲಿಸಲು ಒಂದು ಉಪಸಮಿತಿ, ಉಪಸಮಿತಿಯ ಊಟ. ಎಲ್ಲಕ್ಕೂ ರಸೀದಿಯಿತ್ತು, ತಪ್ಪು ಹುಡುಕುವ ಹಾಗಿರಲಿಲ್ಲ. ದುರಸ್ತಿ ಬಾಬ್ತಿನಲ್ಲಿ ಮಾತ್ರ ಹಣ ಕೊಳೆಯುತ್ತಿತ್ತು. ಆರು ವರ್ಷದಿಂದ ಏನನ್ನಾದರೂ ರಿಪೇರಿ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಹುಡುಗಿಯ ಬಗ್ಗೆ ನನಗೆ ನಿಜಕ್ಕೂ ಕನಿಕರ ಹುಟ್ಟಿತು. ಕನಿಕರ ಹುಟ್ಟಿದಾಗ ನಾನು ನಿಯಮಾವಳಿ ತೆಗೆಯುತ್ತೇನೆ.

"ನೋಡಮ್ಮ, ಕುರ್ಚಿ ದುರಸ್ತಿ ಅಂತ ಬಿಲ್ಲು ಬರೆದುಕೊಡು. ಪಾಸು ಮಾಡಿಸೋದು ನನಗಿರಲಿ."

ಅವಳು ಬರೆದುಕೊಟ್ಟಳು. ಆದರೆ ನಿಯಮ ಹತ್ತೊಂಬತ್ತರ ಪ್ರಕಾರ, ದುರಸ್ತಿಯಾದ ವಸ್ತುವನ್ನು ಲೆಕ್ಕ ತಪಾಸಕರು ಖುದ್ದಾಗಿ ಬಳಸಿ ನೋಡತಕ್ಕದ್ದು. ನಮ್ಮ ತಪಾಸಕರು ತೂಕದ ಮನುಷ್ಯ. ಶುಕ್ರವಾರ ಬಂದರು, ಕುರ್ಚಿಯನ್ನು ಗೋಡೆಯಿಂದ ಈಚೆಗೆ ಎಳೆದರು, ಕೂತರು, ಬಿದ್ದರು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಬರೆದರು: 'ದುರಸ್ತಿ ಅಪೂರ್ಣ. ಒಂದು ಕಾಲು ಬಾಕಿ.'

"ಸರ್, ಆ ಕಾಲು ಇಲ್ಲದಿರೋದೇ ಕೃತಿ!" ಶಿಲ್ಪಿ ಬಿದ್ದ ಕುರ್ಚಿಯನ್ನೆತ್ತಿ ಮತ್ತೆ ಗೋಡೆಗೆ ಒರಗಿಸಿದಳು. "ನಮ್ಮಪ್ಪ ಟೈಲರ್. ಕಾಲು ಮುರಿದ ಕುರ್ಚೀನ ಗೋಡೆಗೆ ಒರಗಿಸ್ಕೊಂಡು ಇಪ್ಪತ್ತು ವರ್ಷ ಮಷಿನ್ ತುಳಿದು ನಮ್ಮನ್ನ ಓದಿಸಿದ್ರು. ಹೊಸ ಕಾಲು ಹಾಕಿಸೋಕೆ ಅವರ ಹತ್ರ ದುಡ್ಡಿರಲಿಲ್ಲ."

"ಈಗ ಮಂಡಳಿ ಹತ್ರ ಇದೆಯಲ್ಲಮ್ಮ" ಎಂದು ಸಮಾಧಾನ ಹೇಳಿದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ತಪಾಸಕರ ಕಡೆ ತಿರುಗಿ, "ಎಷ್ಟು ದಪ್ಪದ ಕಾಲು ಬೇಕು ಸರ್?" ಎಂದಳು. ತಪಾಸಕರು ತಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿಕೊಂಡು ಅಳತೆ ಹೇಳಿದರು.

ಸಂಜೆ ತುರ್ತು ಸಭೆ ಸೇರಿತು. ಊಟವಿತ್ತು. ಕೃತಿಗೆ ಧಕ್ಕೆಯಾಗಬಾರದೆಂದು ಒಮ್ಮತದ ನಿರ್ಣಯವಾಯಿತು: 'ಸದರಿ ಕುರ್ಚಿಗೆ ನಾಲ್ಕನೇ ಕಾಲನ್ನು ಮಂಜೂರು ಮಾಡಲಾಗಿದೆ. ಆ ಕಾಲಿನ ಅನುಪಸ್ಥಿತಿಯನ್ನು ಇನ್ನು ಮುಂದೆ ಪ್ರೇಕ್ಷಕರೇ ಸ್ವಂತ ಜವಾಬ್ದಾರಿಯ ಮೇಲೆ ಭಾವಿಸಿಕೊಳ್ಳತಕ್ಕದ್ದು.'

ಶನಿವಾರ ಬೆಳಿಗ್ಗೆ ಅವಳು ವೆಲ್ಡಿಂಗ್ ಮಷಿನ್ ತಂದು ಕಾಲು ಕೂಡಿಸಿದಳು. ಮುಖದ ಕವಚ ತೆಗೆದಾಗ ಕಣ್ಣು ಕೆಂಪಗಿತ್ತು. ಕಿಡಿಗೆ ಹಾಗಾಗುತ್ತದಂತೆ. ಹಾಗೆಂದುಕೊಂಡೇ ನಾನು ಚೆಕ್ಕಿಗೆ ಸಹಿ ಹಾಕಿದೆ. ಬೀಗ ಬೀಳಲಿಲ್ಲ.

ಮುಂದಿನ ವಾರ ವಾರ್ಷಿಕ ಪ್ರದರ್ಶನ. ಮುಖ್ಯ ಅತಿಥಿಗಳು ಆ ಕುರ್ಚಿಯ ಮೇಲೆ ಆರಾಮಾಗಿ ಕೂತು, "ಕೃತಿ ಎಲ್ಲಿ?" ಎಂದು ಕೇಳಿದರು. ಎಲ್ಲರೂ ಗೌರವದಿಂದ ಆಚೀಚೆ ಹುಡುಕಿದೆವು. ಸಂದರ್ಶಕರ ಪುಸ್ತಕದಲ್ಲಿ ಮೆಚ್ಚುಗೆಯ ಮಾತುಗಳು ತುಂಬಿಹೋದವು; ಒಬ್ಬರು ಅಂಥವೇ ಆರು ಕುರ್ಚಿ ಎಲ್ಲಿ ಸಿಗುತ್ತವೆ ಎಂದು ವಿಚಾರಿಸಿದ್ದರು.

ದುರಸ್ತಿ ಬಾಬ್ತಿನಲ್ಲಿ ಇನ್ನೂ ಹಣವಿದ್ದುದರಿಂದ ತಪಾಸಕರು ಮಂಡಳಿಯ ಎಲ್ಲ ಕೃತಿಗಳನ್ನೂ ಪರಿಶೀಲಿಸಿ ನ್ಯೂನತೆಗಳ ಪಟ್ಟಿ ಕೊಟ್ಟರು. ಮುಳ್ಳಿಲ್ಲದ ಗಡಿಯಾರ, ಬೇಕೆಂದೇ ಹರಿದ ಕ್ಯಾನ್ವಾಸು, ಅಂಗಳದಲ್ಲಿರುವ ತಲೆಯಿಲ್ಲದ ಕಬ್ಬಿಣದ ಮನುಷ್ಯ. ಎಲ್ಲದರ ಗುತ್ತಿಗೆ ಅವಳಿಗೇ. ಈಗ ತಿಂಗಳ ಮೊದಲ ತಾರೀಖಿಗೆ ಸರಿಯಾಗಿ ಬಿಲ್ಲಿನ ಮೂರು ಪ್ರತಿ ಹಿಡಿದು ಬರುತ್ತಾಳೆ. ಅಪ್ಪನ ಮಾತೆತ್ತುವುದಿಲ್ಲ.

ಮೊನ್ನೆ ಕಬ್ಬಿಣದ ಮನುಷ್ಯನ ಕುತ್ತಿಗೆಗೆ ಟೇಪು ಸುತ್ತಿ ಅಳೆಯುತ್ತಾ ಕೇಳಿದಳು: "ಸರ್, ತಲೆಗೆ ಮೀಸೆ ಬೇಕಾ? ಅದಕ್ಕೆ ರೇಟು ಬೇರೆ."

ಅವಳ ಮುಖದಲ್ಲಿ ನಗುವಿರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ. ವಿಷಯವನ್ನು ಸಭೆಯ ಮುಂದಿಟ್ಟೆ. ಮೀಸೆ ಮಂಜೂರಾಯಿತು. ಆ ಮನುಷ್ಯನನ್ನು ಮಾಡಿದ ಮೂಲ ಶಿಲ್ಪಿ ಆಕ್ಷೇಪಿಸಿದಲ್ಲಿ, ಮೀಸೆ ಬೋಳಿಸುವ ಕೆಲಸವನ್ನು ಅದೇ ಬಾಬ್ತಿನಿಂದ ಅವರಿಗೇ ವಹಿಸತಕ್ಕದ್ದೆಂದೂ ತೀರ್ಮಾನವಾಯಿತು.

ಅವರು ನಿನ್ನೆಯೇ ಕೊಟೇಶನ್ ಕಳಿಸಿದ್ದಾರೆ.