ಒಂದೇ ನಂಬರಿನ ಎರಡು ಪೆಟ್ಟಿಗೆ

ಧರ್ಮನನ್ನು ಬೆಂಗಳೂರಿಗೆ ಟ್ರೈನಿಂಗಿಗೆ ಕಳಿಸಿದ ದಿನದಿಂದ ಜವರಯ್ಯನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವನಗೂರಿನ ಮೇಲಿನ ಗುಡ್ಡದಲ್ಲಿ ಟೆಲಿಫೋನಿನವರ ಮೈಕ್ರೋವೇವ್ ಸ್ಟೇಷನ್ನಿನಲ್ಲಿ ಇಬ್ಬರೂ ಟೆಕ್ನಿಷಿಯನ್ನರೇ. ಸರ್ವೀಸಿನಲ್ಲಿ ಜವರಯ್ಯನೇ ಹಿರಿಯ. ಆದರೂ ಸಿಗ್ನಲ್ ಅಳೆಯುವ ನೆಟ್‌ವರ್ಕ್ ಅನಲೈಜರ್ ಎಂಬ ಹೊಸ ಮಷೀನು ಕಲಿತು ಬಂದವನು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಧರ್ಮ.

ಆಲೂರಿನ ಆಫೀಸಿನಲ್ಲಿ ಒಂದು ಹುದ್ದೆ ಖಾಲಿಯಿತ್ತು. ಇಬ್ಬರಲ್ಲಿ ಒಬ್ಬನಿಗೆ ಅದು ಸಿಗುವುದು ಗ್ಯಾರಂಟಿ. ಜವರಯ್ಯನ ಹೆಂಡತಿ ಮಾದೇವಮ್ಮ ಇದ್ದದ್ದೂ ಆಲೂರಿನಲ್ಲೇ. ಅವನು ಮನೆಯ ಮುಖ ಕಾಣುವುದು ಭಾನುವಾರ ಮಾತ್ರ. ಇವತ್ತು ಹಾಸನದಿಂದ ಬರುವ ಚಂದ್ರಯ್ಯ ಸಾಹೇಬರ ಎದುರು ಮಷೀನು ನಡೆಸಿ ತೋರಿಸಿದವನಿಗೇ ಆಲೂರು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಬೆಳಿಗ್ಗೆ ಧರ್ಮ ಅನಲೈಜರಿಗೆ ಹೊರಗಿನ ಪವರ್ ಮೀಟರನ್ನೂ ಸಿಗ್ನಲ್ ಜನರೇಟರನ್ನೂ ದಪ್ಪ ಕೇಬಲಿನಲ್ಲಿ ಜೋಡಿಸುತ್ತ, ಯಾರೂ ಕೇಳದಿದ್ದರೂ ಪಾಠ ಶುರುಮಾಡಿದ.

“ನೋಡಣ್ಣ, ಒಂದೊಂದು ಪೆಟ್ಟಿಗೆಗೂ ಒಂದೊಂದು ನಂಬರ್ ಐತೆ. ಹಿಂದ್ಗಡೆ ಈ ಸಣ್ಣ ಸ್ವಿಚ್ಚಲ್ಲಿ ಇಡಾದು. ಅನಲೈಜರ್ ನಂಬರ್ ಹಿಡ್ದು ಕರೀತೈತೆ, ಆ ನಂಬರಿಂದು ಮಾತ್ರ ಓಗೊಡ್ತೈತೆ.”

“ಗೊತ್ತು ಬಿಡು ಮಾರಾಯ,” ಎಂದ ಜವರಯ್ಯ. ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಧರ್ಮ ಕಾಫಿಗೆ ಎದ್ದು ಹೋದದ್ದೇ ತಡ, ಜನರೇಟರಿನ ಹಿಂದೆ ಕೈ ತೂರಿಸಿ ಅದಕ್ಕೂ ಪವರ್ ಮೀಟರಿನ ನಂಬರನ್ನೇ ಇಟ್ಟುಬಿಟ್ಟ.

ಸಾಹೇಬರು ಬಂದರು. ಧರ್ಮ ಗುಂಡಿ ಒತ್ತಿದ. ಕಾಫಿ ಎಸ್ಟೇಟಿನ ಕೂಲಿಲೈನಿನಲ್ಲಿ ಹಾಜರಿ ಕರೆಯುವ ರೈಟರ್ ಒಂದೇ ಹೆಸರಿನ ಇಬ್ಬರನ್ನು ಕೂಗಿದ ಹಾಗಾಯಿತು. ಎರಡು ಪೆಟ್ಟಿಗೆಯೂ ಒಟ್ಟಿಗೇ ಉತ್ತರ ಕೊಟ್ಟು, ಅನಲೈಜರ್ ಕುಂಯ್ ಎಂದು ಮುಷ್ಕರ ಹೂಡಿತು. ಧರ್ಮ ಕೇಬಲ್ ಬದಲಿಸಿದ, ಆರಿಸಿ ಹಚ್ಚಿದ, ಬೆವರು ಒರೆಸಿಕೊಂಡ. ಜವರಯ್ಯನಿಗೆ ಹಬ್ಬದೂಟ ಉಂಡಷ್ಟು ಖುಷಿ.

“ಪೂಜೆ ಮಾಡ್ದೆ ಮುಟ್ಟಿದ್ರೆ ಇನ್ನೇನಾಯ್ತದೆ?” ಎನ್ನುತ್ತ ವಾಚ್‌ಮನ್ ಬೋರಯ್ಯ ಅನಲೈಜರಿಗೆ ಕುಂಕುಮ ಇಟ್ಟು, ತಡೆಯುವಷ್ಟರಲ್ಲಿ ಅಲ್ಲೇ ಕಾಯಿ ಒಡೆದ. ನೀರೆಲ್ಲ ಸಾಹೇಬರ ಪ್ಯಾಂಟಿನ ಮೇಲೆ.

ಸಾಹೇಬರು ಸಿಡುಕಿದರು. “ಯಾರಿಗೂ ಬರಲ್ಲ ಅಂದ್ರೆ ಮಷೀನ್ ವಾಪಸ್ ಹಾಸನಕ್ಕೆ ತಗೊಂಡು ಹೋಗ್ತೀನಿ.”

“ಸಾರ್, ನಾನೊಂದ್ಸಲ ನೋಡ್ಲಾ?” ಎಂದು ಜವರಯ್ಯ ಮುಂದೆ ಬಂದ. ನಾಡಿ ಹಿಡಿಯುವ ಪಂಡಿತನಂತೆ ಕಣ್ಣು ಮುಚ್ಚಿ, ಪೆಟ್ಟಿಗೆಗಳನ್ನು ಸವರಿ, ಸ್ವಿಚ್ಚನ್ನು ಮೊದಲಿನಂತೆ ಇಟ್ಟ. ಪರದೆಯ ಮೇಲೆ ಹಸಿರು ಗೆರೆ ಮೂಡಿತು.

“ಟ್ರೈನಿಂಗ್ ಇಲ್ದೇನೇ ಕಲ್ತ್ರಾ?” ಸಾಹೇಬರು ಬೆರಗಾದರು.

“ಅನುಭವ ಸಾರ್. ಧರ್ಮನ ಕೈಗೆ ಮಾತ್ರ ಇದನ್ನ ಕೊಡ್ಬ್ಯಾಡಿ, ಸುಟ್ಟಾಕ್ಬುಡ್ತಾನೆ.”

ಸಾಹೇಬರು ಅವನ ಬೆನ್ನು ತಟ್ಟಿದರು. “ಒಳ್ಳೇದಾಯ್ತು ಜವರಯ್ಯ. ಮಷೀನ್ ಗೊತ್ತಿರೋನು ಗುಡ್ಡ ಬಿಡೋ ಹಾಗಿಲ್ಲ. ಪಾಪ, ನಿಮ್ಮನ್ನ ಆಲೂರಿಗೆ ಹಾಕೋಣ ಅಂತಾನೇ ಈ ಹುಡುಗನ್ನ ಟ್ರೈನಿಂಗಿಗೆ ಕಳಿಸಿದ್ದೆ. ಇರ್ಲಿ, ಅವನೇ ಆಲೂರಿಗೆ ಹೋಗ್ಲಿ.”

ಜವರಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಆಲೂರು ಹೋಗುತ್ತದೆ.

ಜೀಪು ಇಳಿದು ಹೋದ ಮೇಲೆ ಧರ್ಮ ಹತ್ತಿರ ಬಂದ.

“ಜವರಣ್ಣ, ಆಲೂರಲ್ಲಿ ನಿಮ್ಮನೆ ಪಕ್ಕದ ರೂಮು ಖಾಲಿ ಐತಂತಲ್ಲ. ದಿನಾ ಊಟಕ್ಕೆ ನಿಮ್ಮನೇಗೇ ಬತ್ತೀನಿ ಅಂತ ಅತ್ತಿಗೆಗೊಂದು ಮಾತು ಹೇಳ್ಬುಡು.”