ಗುಲಾಬಿ ತಟ್ಟೆಯ ಗೆರೆ

“ಇವತ್ತಿಂದ ಈ ಗಾಜಿನ ಬೀರು ನನ್ನ ಸಾಮ್ರಾಜ್ಯ. ನನ್ನ ಎರಡು ಕೈ ಬಿಟ್ಟು ಮೂರನೇ ಕೈ ಒಳಗೆ ಬರಕೂಡದು,” ಎಂದು ಕನ್ನಡಕದ ಅಂಗಡಿಯ ಯಜಮಾನರು ಮನೆಯಲ್ಲಿ ಫರ್ಮಾನು ಹೊರಡಿಸಿದರು.

“ಧೂಳು ಒರೆಸೋಕೂ?” ಎಂದಳು ಹೆಂಡತಿ.

“ಧೂಳೂ ನನ್ನದೇ.”

ಬೀರುವಿನ ತುಂಬ ಹೂವಿನ ಚಿತ್ತಾರದ ಹಳೇ ಇಂಗ್ಲಿಷ್ ಪಿಂಗಾಣಿ ತಟ್ಟೆಗಳು. ಮನೆಮಂದಿ ಅವರಿಗೆ ಪಿಂಗಾಣಿರಾಯರೆಂದು ಬಿರುದು ಕೊಟ್ಟು ನಾಲ್ಕು ವರ್ಷವಾಗಿತ್ತು. ಹುಚ್ಚು ಹತ್ತಿಸಿದ್ದು ಒಂದು ಗುಲಾಬಿ ತಟ್ಟೆ. ತೀರಿಹೋದ ತನ್ನ ತಾಯಿಯ ಪೆಟ್ಟಿಗೆಯಿಂದ ಹೆಂಡತಿ ತಂದಿಟ್ಟುಕೊಂಡಿದ್ದು ಅದೊಂದನ್ನೇ.

ಬಂದವರಿಗೆಲ್ಲ ರಾಯರು ಅದರ ನಡುವಿನ ಕೂದಲೆಳೆಯಂಥ ಗೆರೆ ತೋರಿಸುತ್ತಿದ್ದರು. “ಈ ಹೂವು ಕೈಯಲ್ಲಿ ಬರೆದದ್ದಲ್ಲ. ತಾಮ್ರದ ಅಚ್ಚಿನಿಂದ ತೆಳು ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಇಳಿಸಿದ್ದು. ಎರಡು ಕಾಗದ ಕೂಡಿದ ಜಾಗ ಇದು. ಬಳ್ಳಿ ಒಂದೆಳೆ ತಪ್ಪಿದೆ, ನೋಡಿ. ನೂರೈವತ್ತು ವರ್ಷದ ಹಿಂದೆ ಯಾವ ಮಹಾತಾಯಿ ಅಂಟಿಸಿದಳೋ, ಆ ಬೆರಳಿಗೆ ಬಂಗಾರದ ಉಂಗುರ ತೊಡಿಸಬೇಕು.”

ಫರ್ಮಾನು ಹೊರಟ ವಾರದ ಭಾನುವಾರ ನಾಲ್ಕು ಗಂಟೆಗೆ ಸಂಗ್ರಾಹಕರ ಸಂಘದ ಅಧ್ಯಕ್ಷೆ ಬಂದು ಆ ತಟ್ಟೆಯನ್ನು ಪ್ರದರ್ಶನಕ್ಕೆ ಆರಿಸುವವರಿದ್ದರು. ಮೂರಕ್ಕೆ ರಾಯರು ತಟ್ಟೆಗೆ ಬಿಸಿನೀರಿನ ರಾಜೋಪಚಾರ ನಡೆಸಿದರು. ಎತ್ತಿದರೆ ಬಲಗೈಯಲ್ಲಿ ಅರ್ಧ, ಎಡಗೈಯಲ್ಲಿ ಅರ್ಧ. ಮೂರನೇ ಕೈಯ ಮೇಲೆ ತಪ್ಪು ಹೊರಿಸೋಣವೆಂದರೆ ಅದಕ್ಕೆ ಅವರೇ ನಿಷೇಧ ಹಾಕಿದ್ದರು.

ರಾಯರಿಗೆ ಅಧ್ಯಕ್ಷೆ ಮರೆತೇ ಹೋದರು. ಕಣ್ಣ ಮುಂದೆ ನಿಂತದ್ದು ಹೆಂಡತಿಯ ಮುಖ.

“ಏನ್ರೀ, ಬೋಗುಣಿಲಿ ಮುಳುಗಿಹೋದ್ರಾ?”

“ಏನಿಲ್ಲ. ನೀನು ಬರಬೇಡ.”

“ಬರಬೇಡ ಅಂದ್ರೆ ಏನೋ ಆಗಿದೆ ಅಂತಲೇ ಅರ್ಥ.” ಬಂದೇ ಬಿಟ್ಟಳು.

ರಾಯರು ಎರಡು ಹೋಳುಗಳನ್ನೂ ಮುಂದೆ ಹಿಡಿದರು. “ನಿಮ್ಮಮ್ಮನ ತಟ್ಟೆ... ಒಡೆದುಬಿಟ್ಟೆ ಕಣೇ.”

ಅವಳು ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನೀವೆಲ್ಲಿ ಒಡೆದ್ರಿ? ಪೆಟ್ಟಿಗೆಯಿಂದ ತೆಗೆಯೋವಾಗ ನಾನೇ ಬೀಳಿಸಿ, ಅಂಟಿಸಿ ಇಟ್ಟಿದ್ದೆ. ಬಿಸಿನೀರಿಗೆ ಅಂಟು ಬಿಟ್ಟಿದೆ, ಅಷ್ಟೇ.”

“ಹಾಗಾದ್ರೆ ಆ ಗೆರೆ?”

“ನಂದೇ. ಹೇಳೋಣ ಅನ್ನೋಷ್ಟರಲ್ಲಿ ನೀವು ಭೂತಗನ್ನಡಿ ಹಿಡ್ಕೊಂಡು ಹೊಗಳೋಕೆ ಶುರು ಮಾಡಿದ್ರಿ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನೀವು ನನ್ನ ಕೈಕೆಲಸ ಹೊಗಳಿದ್ದು ಅದೊಂದನ್ನೇ. ಬಾಯಿಬಿಡೋಕೆ ಮನಸ್ಸೇ ಬರಲಿಲ್ಲ.”

ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವ ರಾಯರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಅಳಲಿಲ್ಲವಲ್ಲ ಎಂಬುದಕ್ಕೇ ಎದೆ ತುಂಬಿ ಬಂದಿತ್ತು. ಬೀರುವಿನ ಕೀಲಿಕೈಯನ್ನು ಅವಳ ಮಡಿಲಲ್ಲಿಟ್ಟು, “ಅಧ್ಯಕ್ಷೆಗೆ ನಿಜಾನೇ ಹೇಳಿಬಿಡ್ತೀನಿ,” ಎಂದರು.

“ಧಾರಾಳವಾಗಿ ಹೇಳಿ,” ಎಂದು ಅವಳು ಕೀಲಿಯನ್ನು ಪಕ್ಕಕ್ಕಿಟ್ಟು ಬೆರಳು ಚಾಚಿದಳು. “ಅದಕ್ಕೆ ಮುಂಚೆ, ಆ ಬಂಗಾರದ ಉಂಗುರದ ವಿಷಯ ಏನಾಯ್ತು ಹೇಳಿ.”