ಸಮುದ್ರದ ದಂಡೆಗುಂಟ

ಶಬ್ಬೀರಸಾಬ ತೀರಿಕೊಂಡು ನಲವತ್ತನೇ ದಿನದ ಫಾತೆಹಾ ಮುಗಿದ ಮರುದಿನ ಮುಂಜಾನೆ ಅವನ ಸೈಕಲ್ಲು ಯಮನೂರನ ಮನೆ ಮುಂದೆ ಬಂದು ನಿಂತಿತ್ತು. ಸಾಬನ ಹೆಂಡತಿ ಮೆಹಬೂಬಬೀ ಕಳಿಸಿದ್ದಳು. 'ನೀವರ ಹೋಗಿ ಬರ್ರಿ' ಎಂಬ ಮಾತನ್ನೂ ಜೊತೆಗೆ ಕಳಿಸಿದ್ದಳು.

ಹೇಳದೆ ಕೇಳದೆ ಬಂದ ಬೀಗರನ್ನು ನೋಡುವಂತೆ ಯಮನೂರ ಸೈಕಲ್ಲನ್ನು ನೋಡಿದ. ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಭಾಗ್ಯನಗರದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ವಿಗ್ಗಿನ ಕಾರ್ಖಾನೆಯಲ್ಲಿ ಕೂದಲು ಆರಿಸುವ ಕೆಲಸಕ್ಕೆ ಅವನು ನಡೆದೇ ಹೋಗುತ್ತಿದ್ದ. ಕೇಳಿದವರಿಗೆ ಸಕ್ಕರೆ ಕಾಯಿಲೆಯ ನೆಪ ಹೇಳುತ್ತಿದ್ದ. ಗಾದಿ ಹೊಲಿಯುವ ಶಬ್ಬೀರಸಾಬ ಒಂದು ಸಂಜೆ ಬಾಲಪ್ಪನ ಚಹಾದಂಗಡಿಯ ಕ್ಯಾಲೆಂಡರಿನಲ್ಲಿದ್ದ ಸಮುದ್ರವನ್ನು ನೋಡುತ್ತ, "ಇದರ ದಂಡಿಗುಂಟ ಸೈಕಲ್ ಹೊಡೀಬೇಕ ನೋಡಪಾ" ಅಂದಿದ್ದ. ಗೆಳೆಯನ ಮನಸ್ಸು ಮುರಿಯಬಾರದೆಂದು ಯಮನೂರ, "ಹೊಡ್ಯೂಣ ಬಿಡು" ಅಂದುಬಿಟ್ಟ.

ಅಂದಿನಿಂದ ವರ್ಷಗಟ್ಟಲೆ ಅದೇ ಮಾತು. ಅಂಕೋಲಾದಲ್ಲಿ ಇಳಿಯುವುದು, ಗೋಕರ್ಣದಲ್ಲಿ ಒಂದು ರಾತ್ರಿ, ಮರುದಿನ ಹೊನ್ನಾವರ. ಚಹಾದ ಹನಿಯಲ್ಲಿ ಬೆರಳದ್ದಿ ಮೇಜಿನ ಮೇಲೆ ದಾರಿ ಬರೆಯುತ್ತಿದ್ದರು, ಬಾಲಪ್ಪ ಒರೆಸುತ್ತಿದ್ದ. ಚಳಿಗಾಲ ಬಂದರೆ ಗಾದಿ ಕೆಲಸ ಹೆಚ್ಚಾಯಿತೆಂದು ಸಾಬ ಮುಂದೂಡುತ್ತಿದ್ದ. ಯಮನೂರ ಮುಖ ಸಣ್ಣದು ಮಾಡಿಕೊಂಡು, ಒಳಗೊಳಗೆ ಪೇಡೆ ತಿಂದವನಂತೆ ಹಿಗ್ಗುತ್ತಿದ್ದ.

ಈಗ ಮುಂದೂಡಲು ಸಾಬನೇ ಇರಲಿಲ್ಲ.

ಮೊದಲು ಬಂದವನು ಬಾಲಪ್ಪ. "ಇವತ್ತ ಹೊಂಡು. ನಾಳೆ ಅಂದ್ರ ನೀ ಹೋಗಾಂವಲ್ಲ."

"ಮೊಣಕಾಲು ಹಿಡದೈತೋ."

ಬಾಲಪ್ಪ ಎಣ್ಣೆ ಕಾಯಿಸಿ ತಂದು ರೊಟ್ಟಿ ಹಿಟ್ಟು ನಾದುವಂತೆ ನಾದಿದ. ಇಲ್ಲದ ನೋವು ನಿಜವಾಗಿಯೇ ಬಂತು.

ಮೊಬೈಲ್ ಅಂಗಡಿಯ ಅಸ್ಲಮ ಹುಬ್ಬಳ್ಳಿ ರೈಲಿಗೆ ಟಿಕೆಟ್ ತೆಗೆದ. ಸೈಕಲ್ ಪಕ್ಕ ಯಮನೂರನನ್ನು ನಿಲ್ಲಿಸಿ ಫೋಟೋ ಹೊಡೆದು, 'ದೋಸ್ತನ ನೆನಪಿನಾಗ' ಎಂದು ಬರೆದು ವಾಟ್ಸಾಪಿಗೆ ಬಿಟ್ಟ. ಮಧ್ಯಾಹ್ನದೊಳಗೆ ತಳಕಲ್ ಊರಿನಲ್ಲಿದ್ದ ಅಳಿಯ ಫೋನ್ ಮಾಡಿ, "ಮಾವಾರ, ಹೆಲ್ಮೆಟ್ ಹಾಕ್ಕೋರಿ" ಅಂದ.

ಯಮನೂರ ಯಾರೂ ಇಲ್ಲದ್ದು ನೋಡಿ ಹಿಂದಿನ ಗಾಲಿಯ ಗಾಳಿ ತೆಗೆದ. ಅಸ್ಲಮ ಬಂದು ಗಾಲಿ ಒತ್ತಿ ನೋಡಿ, ಹೊಸ ಟ್ಯೂಬನ್ನೇ ಹಾಕಿಸಿದ.

"ಸಾಬ ಇದ್ದಿದ್ರ ಎಷ್ಟ ಖುಷಿ ಪಡತಿದ್ದ" ಎಂದು ಬಾಲಪ್ಪ ಚಹಾದ ಅರಿವೆಯಿಂದ ಕಣ್ಣೊರೆಸಿಕೊಂಡ. ಯಮನೂರನಿಗೂ ಅಳು ಬಂತು. ಆ ದಿನ ಅವನು ಮಾಡಿದ್ದರಲ್ಲಿ ನೆಪವಲ್ಲದ್ದು ಅದೊಂದೇ.

ಸಂಜೆ ಓಣಿಯೆಲ್ಲ ಬೀಳ್ಕೊಡಲು ಕೂಡಿತು. ಎಲ್ಲರೆದುರು ಬೀಳುವ ಮೊದಲು ಮೆಹಬೂಬಬೀಗಾದರೂ ತಾನೇ ನಿಜ ಹೇಳಬೇಕು. ಗೆಳೆಯನಿಗೆ ಕೊನೆಯವರೆಗೂ ಸುಳ್ಳು ಹೇಳಿದವನು ಎಂದು ಅವಳು ಬೇರೆಯವರಿಂದ ತಿಳಿಯಬಾರದು. ಯಮನೂರ ಸೈಕಲ್ ದೂಡಿಕೊಂಡು ಅವಳ ಮನೆಗೆ ಹೋದ. ಓಣಿ ಹಿಂದೆಯೇ ಬಂದು ಅಂಗಳದಾಚೆ ನಿಂತಿತು. ಗಂಡ ತೀರಿದ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನಲ್ಲಿದ್ದ ಮೆಹಬೂಬಬೀ ಪರದೆಯ ಹಿಂದಿನಿಂದಲೇ ಮಾತಾಡಿದಳು.

"ಭಾಬಿ, ಒಂದ ಮಾತ ಹೇಳಬೇಕಾಗಿತ್ರಿ."

"ಮೊದಲ ನಂದ ಕೇಳ್ರಿ ಅಣ್ಣಾ. ನಿಮಗ ಹೇಳಂತ ಅವರು ಹೋಗೂಮುಂದ ಅಂದಿದ್ರು. ಅವರಿಗೆ ಸೈಕಲ್ ಬರ್ತಿರಲಿಲ್ಲ."

ಯಮನೂರ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಕಲೀಬೇಕಂತ ಹ್ವಾದ ವರ್ಷ ಇದನ್ನ ತಂದ್ರು. ಅಂಗಡಿ ಹಿಂದ ಗಾದಿ ಹಾಸಿ, ಅದರ ಮ್ಯಾಲ ಬಿದ್ದು ಎದ್ದು ಮಾಡಿದ್ರು. ಈ ವಯಸ್ಸಿನಾಗ ಬರಲಿಲ್ಲ. ನನ್ನ ಸಲುವಾಗಿ ಯಮನೂರನೂ ಸಮುದ್ರಕ್ಕ ಹೋಗದ ಉಳದ ಅಂತ ಕಡೀಕ ಭಾಳ ಹಳಹಳಿಸಿದ್ರು."

ಯಮನೂರ ಚೌಕಟ್ಟು ಬಿಡದೆ ಕೇಳಿದ. "ಬಸ್ಸಿನಾಗ ಹೋಗೂಣ ಅಂತ ಎಂದರ ಅಂದಿದ್ನೇನ್ರಿ ಅವ?"

"ದಿನಾ ಅಂತಿದ್ರು ನನ್ನ ಮುಂದ. ಆದ್ರ ಯಮನೂರಗ ಸೈಕಲ್ ಅಂದ್ರ ಜೀವ, ಬಸ್ಸು ಅಂದ್ರ ಮನಸಿಗೆ ಹಚ್ಕೊಂತಾನ ಅಂತ ಸುಮ್ಮನಾಗತಿದ್ರು." ಪರದೆಯಾಚೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ನೀವು ಹೋಗಿ ಬಂದ್ರ ಅವರ ಜೀವಕ್ಕ ಸಮಾಧಾನ. ನೀವೇನೋ ಹೇಳಬೇಕಂದ್ರಲ್ಲ?"

"ಏನಿಲ್ರಿ" ಅಂದ ಯಮನೂರ. "ಹೋಗಿ ಬರ್ತೀನಿ ಅಂತ ಹೇಳಾಕ ಬಂದಿದ್ದೆ."

"ಇಲ್ಲಿಂದನ ಹತ್ತಿ ಹೋಗ್ರಿ. ನಾ ಕಿಟಕಿಯಾಗಿಂದ ನೋಡ್ತೀನಿ."

ಯಮನೂರ ಹೊರಗೆ ಬಂದು ಹ್ಯಾಂಡಲ್ ಹಿಡಿದ. ಓಣಿಯ ಮಂದಿ ಎರಡೂ ಬದಿಗೆ ಸರಿದು ದಾರಿ ಬಿಟ್ಟರು.